ಸ್ಟ್ರಾಬೆರಿ ನಂಜು ರೋಗ: ಹೇನಿಗೆ ಔಷಧಿ ಹೊಡೆದರೆ ಸಾಲದು

ಸ್ಟ್ರಾಬೆರಿ ಗಿಡ ಕುಳ್ಳಾಗಿ ಹಣ್ಣು ಸಣ್ಣಗಾಗುತ್ತಾ ಬಂದರೆ ಗೊಬ್ಬರ ಹೆಚ್ಚಿಸುವವರೇ ಬಹಳ. ನಾನು ಮೊದಲು ಎಳೆ ಎಲೆಯ ತಳ ತಿರುಗಿಸಿ ನೋಡುತ್ತೇನೆ. ಈ ಬೆಳೆಗೇ ಅಂಟಿಕೊಂಡ ಗಿಡಹೇನೊಂದಿದೆ: ತಿಳಿ ಹಸಿರು ಮಿಶ್ರಿತ ಹಳದಿ ಬಣ್ಣ, ಉದ್ದ ಒಂದೂವರೆ ಮಿ.ಮೀ. ಆಸುಪಾಸು. 10 ಪಟ್ಟಿನ ಮಸೂರ ಹಿಡಿದರೆ ಮೈಮೇಲೆ ತುದಿ ಗುಂಡಾದ ಕೂದಲು ಕಾಣುತ್ತವೆ. ಅದು ರಸ ಹೀರುವುದರಿಂದ ಆಗುವ ನಷ್ಟ ಅಷ್ಟಕ್ಕಷ್ಟೆ, ಹೊತ್ತು ತರುವ ನಂಜಿನದೇ (ವೈರಸ್) ಕಾಟ.

ಎಲ್ಲ ನಂಜೂ ಒಂದೇ ಥರ ಹರಡುವುದಿಲ್ಲ. ಮಾಟಲ್ ವೈರಸ್ ಕೆಲವೇ ನಿಮಿಷ ರಸ ಹೀರಿದರೆ ಹೇನಿಗೆ ಅಂಟುತ್ತದೆ, ಕೆಲವು ಗಂಟೆಗಳಲ್ಲಿ ಬಿಟ್ಟೂ ಹೋಗುತ್ತದೆ. ಕ್ರಿಂಕಲ್ ವೈರಸ್ ಹಾಗಲ್ಲ. ಅದು ಹೇನಿನ ಮೈಯೊಳಗೇ ಬೆಳೆಯುತ್ತದೆ. ಹರಡಲು ಹತ್ತು ದಿನಕ್ಕೂ ಹೆಚ್ಚು ಬೇಕು, ಆಮೇಲೆ ಆ ಹೇನು ಸಾಯುವ ತನಕ ಹರಡುತ್ತಲೇ ಇರುತ್ತದೆ. ಹಾಗಾಗಿ ಔಷಧಿ ಕ್ರಿಂಕಲ್ ಓಟವನ್ನು ತಗ್ಗಿಸೀತು. ಹೊರಗಿಂದ ಹಾರಿಬಂದ ರೆಕ್ಕೆಹೇನು ಮಾತ್ರ ಔಷಧಿ ತಾಗಿ ಸಾಯುವುದರೊಳಗೆ ಮಾಟಲ್ ಅಂಟಿಸಿ ಆಗಿರುತ್ತದೆ.

ಇನ್ನೊಂದು ತೊಡಕು: ಒಂದೇ ನಂಜು ತಗುಲಿದ ಗಿಡ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಎರಡು ಮೂರು ಕೂಡಿದಾಗಲೇ ಎಲೆ ಮುದುರಿ, ಅಂಚು ಹಳದಿಯಾಗಿ ಗಿಡ ಸೊರಗುವುದು. ಅಷ್ಟರಲ್ಲಿ ಹಬ್ಬುಬಳ್ಳಿಯ ಮೂಲಕ ಮರಿಗಳಿಗೆಲ್ಲ ದಾಟಿರುತ್ತದೆ. ಕಣ್ಣಿಗೆ ಚೆಂದ ಕಂಡ ಗಿಡವನ್ನು ತಾಯಿ ಗಿಡ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆಗೆ ಎಲೆ ಕಸಿ ಮಾಡುತ್ತೇನೆ. ನಂಜಿಗೆ ಬೇಗ ಲಕ್ಷಣ ತೋರಿಸುವ, ಇದಕ್ಕೆಂದೇ ಆರಿಸಿದ ಕಾಡು ಸ್ಟ್ರಾಬೆರಿ ತಳಿ ಬೇಕು. ಅದರ ಎಳೆ ಎಲೆಯ ನಡುದಳ ಚಿವುಟಿ, ತೊಟ್ಟನ್ನು ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಆಳಕ್ಕೆ ಬ್ಲೇಡಿನಿಂದ ಸೀಳಬೇಕು. ಅನುಮಾನದ ಗಿಡದ ನಡುದಳದ ತೊಟ್ಟನ್ನು ಬೆಣೆಯಂತೆ ಚೂಪು ಮಾಡಿ ಸೀಳಿಗೆ ಕೂರಿಸಿ, ಹಿಗ್ಗುವ ತೆಳು ಟೇಪ್ ಸುತ್ತಬೇಕು. ಒಂದು ಗಿಡಕ್ಕೆ ಎರಡು ಮೂರು ಕಸಿ ಇರಲಿ. ವಾರವಿಡೀ ಪಾಲಿಥಿನ್ ಹೊದಿಸಿ ತೇವ ಕಾಯದಿದ್ದರೆ ಕಸಿ ಒಣಗುತ್ತದೆ. ಒಣಗಿದ ಕಸಿಯ ಫಲಿತಾಂಶ ಲೆಕ್ಕಕ್ಕಿಲ್ಲ. ನಂಜಿದ್ದರೆ ಲಕ್ಷಣ ಕಾಡು ತಳಿಯ ಹೊಸ ಎಲೆಗಳಲ್ಲಿ ಬರುತ್ತದೆ, ಆರೆಂಟು ವಾರ ಕಾಯಬೇಕು.

ಪಾಸಾದ ತಾಯಿ ಗಿಡಗಳು 50 ಮೆಶ್ (ಅಂಗುಲಕ್ಕೆ 50 ಕಣ್ಣು) ಕೀಟ ಪರದೆಯೊಳಗೆ, ಒಂದರ ಹಿಂದೊಂದು ಎರಡು ಬಾಗಿಲಿನ ಮನೆಯಲ್ಲಿ. ಪರದೆ ಹರಿಯುವುದಕ್ಕಿಂತ ಬಾಗಿಲ ಸಂದಿಯಿಂದಲೇ ಹೇನು ನುಗ್ಗುವುದು ಹೆಚ್ಚು. ಹಳದಿ ಅಂಟು ಹಾಳೆಯನ್ನು ಅಲ್ಲೇ ತೂಗುಹಾಕಿ. ಹಣ್ಣಿನ ತೋಟದಿಂದ ಬಂದವರು ಅದೇ ಬಟ್ಟೆಯಲ್ಲಿ ಒಳಗೆ ಬರಕೂಡದು.

ಹಳೆ ಪಾತಿಯನ್ನು ಹೊಸ ಸಸಿ ನೆಡುವ ಮೊದಲೇ ಕೀಳಬೇಕು. ಕೀಳುವ ಒಂದೆರಡು ದಿನ ಮುಂಚೆ ಹೇನಿಗೆ ಔಷಧಿ ಹೊಡೆಯಿರಿ. ಇಲ್ಲವಾದರೆ ಬಾಡುವ ಗಿಡ ಬಿಟ್ಟು ಅವು ಪಕ್ಕದ ಪಾತಿಗೆ ನಡೆಯುತ್ತವೆ. ಬೇವಿನ ಎಣ್ಣೆಯಾದರೆ ಲೀಟರಿಗೆ 5 ಮಿ.ಲೀ., ಬೆರೆಯಲು ತುಸು ಸೋಪು. ಹೇನು ಇರುವುದೇ ಎಲೆ ತಳದಲ್ಲಿ, ನಾಜಲ್ ಕೆಳಗಿಂದ ಮೇಲಕ್ಕೆ ತಿರುಗಿರಲಿ. ಹೂವಿದ್ದರೆ ಜೇನ್ನೊಣ ಗೂಡು ಸೇರಿದ ಮೇಲೆ, ಸಂಜೆಗೇ ಸಿಂಪಡಿಸಿ.