ಮುಳುಗಿದ ಎಂಜಿನ್: ರಿಪೇರಿ ಮಾಡಿಸಬೇಕೋ, ಬಿಡಬೇಕೋ?

ಅಳಿವೆ ಬಾಗಿಲಲ್ಲಿ ನಾಡದೋಣಿ ಮಗುಚುತ್ತದೆ. ಜೀವ ಉಳಿಯಿತು ಅಂತ ದಡ ಸೇರಿದವರು ಮೊದಲು ಮಾಡುವ ಕೆಲಸ, ದೋಣಿಯ ಹಿಂದೆ ತೂಗುವ ಸೀಮೆಎಣ್ಣೆ ಎಂಜಿನ್ನಿನ (ಔಟ್‌ಬೋರ್ಡ್) ಹಗ್ಗ ಎಳೆದು ಚಾಲೂ ಆಗುತ್ತದಾ ಅಂತ ನೋಡುವುದು. ಗಂಗೊಳ್ಳಿಯಲ್ಲೂ ನೋಡಿದ್ದೇನೆ, ಮಲ್ಪೆಯಲ್ಲೂ ನೋಡಿದ್ದೇನೆ. ದಯವಿಟ್ಟು ಎಳೆಯಬೇಡಿ. ಓಡುತ್ತಿರುವಾಗಲೇ ನೀರು ಕುಡಿದಿದ್ದರೆ ಒಳಗೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಸರಳು) ಬಾಗಿರಬಹುದು.

ಮೊದಲು ಸಿಹಿನೀರಲ್ಲಿ ತೊಳೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತೂತು ಕೆಳಗೆ ಬರುವಂತೆ ಮಲಗಿಸಿ ನೀರು ಇಳಿಸಿ. ಒಳಗೆ ಆಯಿಲ್ ಬಿಟ್ಟು ಅವತ್ತೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಅವತ್ತು ಆಗದಿದ್ದರೆ ಆಯಿಲ್ ಬಿಡದೆ ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡಿ. ಕೇಳಿದರೆ ನಗು ಬರಬಹುದು, ಆದರೆ ಉಪ್ಪುನೀರು ಕುಡಿದ ಕಬ್ಬಿಣಕ್ಕೆ ಗಾಳಿ ತಾಗಿದ ಮೇಲೇ ತುಕ್ಕು ಜೋರು.

ಇನ್ನು ಎಲ್ಲರೂ ಎಡವುವ ಜಾಗ. ಮುಳುಗಿದ್ದಿರಲಿ, ಓಡುತ್ತಾ ಸೀಜ್ ಆದದ್ದಿರಲಿ (ಬಿಸಿಯಾಗಿ ಹಿಡಿದುಕೊಂಡದ್ದು), ಮೇಲಿನ ಮುಚ್ಚಳ ಅಂದರೆ ಹೆಡ್ ಬಿಚ್ಚಿ ಗೀರು ಬಿದ್ದ ಪಿಸ್ಟನ್ ಕಂಡ ಕೂಡಲೇ 'ಪಿಸ್ಟನ್, ರಿಂಗ್ ಹಾಕಿ ಬಿಡಿ' ಅನ್ನುತ್ತಾರೆ. ಪಿಸ್ಟನ್ ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನೀವು ಕೇಳಿ. ಎರಡು ಸಿಲಿಂಡರಿನಲ್ಲಿ ಒಂದೇ ಹೋಗಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಮೇಲೆ ಮೊದಲ ಅನುಮಾನ. ಸೀಲ್ ಸವೆದು ಗಾಳಿ ಎಳೆದರೆ ಆ ಸಿಲಿಂಡರಿಗೆ ಆಯಿಲ್ ಬೆರೆತ ಸೀಮೆಎಣ್ಣೆ ಸಾಲದೆ ಪಿಸ್ಟನ್ ಸುಡುತ್ತದೆ. ಎರಡೂ ಹೋಗಿದ್ದರೆ ತಣಿಸುವ ನೀರು ಬಂದಿಲ್ಲ, ಇಲ್ಲವೇ ಆಯಿಲ್ ಕಡಿಮೆಯಾಗಿದೆ. ತಣಿಸುವ ನೀರನ್ನು ಮೇಲೆ ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ತೆಗೆಸಿ ನೋಡಿ. ರೆಕ್ಕೆ ಮುರಿದಿದ್ದರೆ ಆ ಚೂರು ನೀರಿನ ದಾರಿಯಲ್ಲೇ ಎಲ್ಲೋ ಕೂತಿರುತ್ತದೆ, ಹುಡುಕಿ ತೆಗೆಯಲೇಬೇಕು.

ಆಮೇಲೆ ಕನೆಕ್ಟಿಂಗ್ ರಾಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆಯಿರಿ. ಅಕ್ಕಪಕ್ಕ ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಮೇಲೆ ಕೆಳಗೆ 'ಟಕ್' ಅಂದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ. ಮುಳುಗಿದ ಎಂಜಿನ್ನಿನಲ್ಲಿ ಬೇರಿಂಗ್ ಮೇಲೆ ಒಂದೇ ಒಂದು ತುಕ್ಕಿನ ಚುಕ್ಕೆ ಕಂಡರೂ ಕ್ರ್ಯಾಂಕ್ ಹೊರಗೆ ಬರಲಿ. ಒರೆಸಿ ಹಾಕಿಸಿದವರು ಮತ್ತೆ ಅದೇ ಬೆಂಚಿನ ಮುಂದೆ ನಿಂತದ್ದನ್ನು ನೋಡಿದ್ದೇನೆ. ಬ್ಲಾಕಿನ (ಎಂಜಿನ್ ಒಡಲಿನ) ಗ್ಯಾಸ್ಕೆಟ್ ಕೂರುವ ಜಾಗವನ್ನು ಉಪ್ಪು ತಿಂದು ಬಿಳಿ ಪುಡಿ ಉದುರುತ್ತಿದೆಯಾ? ಕಲಸಿ ಹಚ್ಚುವ ಪೇಸ್ಟ್ ತುಂಬಿಸಿಕೊಡ್ತೇನೆ ಅಂದರೆ ಎಂಜಿನ್ ಎತ್ತಿಕೊಂಡು ವಾಪಸ್ ಬನ್ನಿ.

ಲೆಕ್ಕ ಸುಲಭ. ಕ್ರ್ಯಾಂಕ್, ಬ್ಲಾಕ್ ಎರಡೂ ಹೋಗಿದ್ದರೆ, ಅಥವಾ ಖರ್ಚು ಹೊಸ ಎಂಜಿನ್ ಬೆಲೆಯ ಅರ್ಧ ದಾಟಿದರೆ, ಪಾರ್ಟ್ಸಿಗೆ ಮಾರಿಬಿಡಿ.

ಎಲ್ಲಿ ಮಾಡಿಸುವುದು? ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್, ಬೇರೆ ಮಾತೇ ಇಲ್ಲ. ಇಲ್ಲದಿದ್ದರೆ ನನ್ನ ಓಟು ಬಂದರಿನ ಮೆಕ್ಯಾನಿಕ್‌ಗೆ. ಸೀಮೆಎಣ್ಣೆ ಎಂಜಿನ್ ದಿನಾ ಬಿಚ್ಚುವವರು ಅವರೇ ಅಲ್ವಾ. ಆದರೆ ಬೋರ್ (ಹೊಸ ಪಿಸ್ಟನ್ನಿಗೆ ಸರಿಯಾಗಿ ಸಿಲಿಂಡರಿನ ಒಳಗೋಡೆ ಕೊರೆಯುವುದು) ಮಾತ್ರ ಒಳ್ಳೆಯ ಲೇತಿನಲ್ಲಿ ಆಗಲಿ, ಜೊತೆಗೆ ಹೊಸ ಪಿಸ್ಟನ್ ಕೊಟ್ಟು ಕಳಿಸಿ. ಪಿಸ್ಟನ್ ಅಳೆಯದೆ ಬೋರ್ ಹೊಡೆಯುವವನಿಗೆ ಕೊಡಲೇಬೇಡಿ. ವಾಪಸ್ ಬಂದ ಮೇಲೆ ಸಿಲಿಂಡರಿನೊಳಗೆ ಬೆರಳು ಹಾಕಿ ಕಿಂಡಿಗಳ ಅಂಚು ಸವರಿ. ಚರ್ಮಕ್ಕೆ ಚೂಪಾಗಿ ತಾಗಿದರೆ ರಿಂಗಿಗೂ ಹಾಗೇ ತಾಗುತ್ತದೆ, ಅಂಚು ಉಜ್ಜಿಸಿ. ಬಿಚ್ಚಿದ ಹಳೇ ಸಾಮಾನೆಲ್ಲ ಚೀಲದಲ್ಲಿ ವಾಪಸ್ ಬೇಕು ಅಂತ ಮೊದಲೇ ಹೇಳಿಬಿಡಿ. ಬೈಕಿನ 2ಟಿ ಆಯಿಲ್ ಅಗ್ಗ ಅಂತ ಹಾಕಬೇಡಿ, ಡಬ್ಬದ ಮೇಲೆ ದೋಣಿ ಎಂಜಿನ್ ಆಯಿಲ್‌ನ ಗುರುತು ಟಿಸಿ-ಡಬ್ಲ್ಯು3 ಅಂತ ಇರಬೇಕು.

ಮಳೆಗಾಲವೇ ನಾಡದೋಣಿಯ ಸೀಸನ್. ಹಾಗಾಗಿ ಈ ಕೆಲಸ ಏಪ್ರಿಲ್, ಮೇ ಒಳಗೆ ಮುಗಿಯಲಿ. ಜುಲೈ ಕೊನೆಗೆ ಹೋದರೆ ಆಗಸ್ಟ್ 1ಕ್ಕೆ ಕಡಲಿಗಿಳಿಯುವ ದೊಡ್ಡ ಬೋಟುಗಳ ಕೆಲಸದಲ್ಲಿ ಲೇತಿನವರಿಗೆ ಪುರುಸೊತ್ತಿರುವುದಿಲ್ಲ.

ರಿಪೇರಿ ಆದ ಮೇಲೆ, 50 ಲೀಟರ್ ಇಂಧನಕ್ಕೆ 1 ಲೀಟರ್ ಆಯಿಲ್ ಹಾಕುವವರು ಮೊದಲ 10 ಗಂಟೆ 25 ಲೀಟರಿಗೆ 1ರಂತೆ ಹಾಕಿ. ಆ 10 ಗಂಟೆ ದಡ ಕಾಣುವಷ್ಟು ದೂರದಲ್ಲೇ ಬಲೆ ಬಿಡಿ, ದೋಣಿಯಲ್ಲಿ ಹುಟ್ಟು ಇರಲಿ.