ರೈಸ್ ಮಿಲ್ಲಿನಲ್ಲಿ ಕೂತು ಗಳಿಸಿದ 44 ಕ್ರೆಡಿಟ್

ನನ್ನ ಹತ್ತಿರ ಒಂದು ಬಿ.ಕಾಂ. ಇದೆ. ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಕಿರಾಣಿ ಅಂಗಡಿಯ ಮೇಲಿನ ಒಂದು ಸ್ಟಡಿ ಸೆಂಟರಿನಲ್ಲಿ ಹೊರರಾಜ್ಯದ ವಿಶ್ವವಿದ್ಯಾಲಯವೊಂದರ ಹೆಸರಲ್ಲಿ ಅದನ್ನು ಕೊಟ್ಟರು. ಪರೀಕ್ಷೆಯ ದಿನ ಪುಸ್ತಕ ತೆರೆದಿಟ್ಟುಕೊಂಡೇ ಬರೆದೆವು, ಮೇಲ್ವಿಚಾರಕರು ಚಹಾ ತರಿಸಿಕೊಟ್ಟರು. ಮುಂದೆ ಒಂದು ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಗುಮಾಸ್ತರು ಮಾರ್ಕ್ಸ್ ಕಾರ್ಡನ್ನು ತಿರುವಿ ನೋಡಿ, 'ಇದು ನಡೆಯಂಗಿಲ್ಲರಿ' ಅಂದರು. ಎರಡೇ ಮಾತು. ಮೂರು ವರ್ಷದ ಫೀಸು ಅಲ್ಲಿಗೆ ಮುಗಿಯಿತು.

ಹಾಗಾಗಿ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಪದವಿ, ಬಿ.ಎಸ್. ಬಗ್ಗೆ ಕೇಳಿದಾಗ ಮೊದಲು ನಂಬಲಿಲ್ಲ. ಮನೆಯಲ್ಲಿ ಕೂತು ಐಐಟಿ ಡಿಗ್ರಿ ಅಂದರೆ ನಮ್ಮ ಗಂಗಾವತಿಯಲ್ಲಿ ಯಾರಾದರೂ ನಗುತ್ತಾರೆ. ಈ ಸಲ ಸುಮ್ಮನೆ ದುಡ್ಡು ಕಟ್ಟಲಿಲ್ಲ. ಡಿಗ್ರಿ ಕೊಡುವವರು ಯಾರು ಅಂತ ನೋಡಿದೆ. ಪದವಿ ಪತ್ರ ಕೊಡುವುದು ಐಐಟಿ ಮದ್ರಾಸೇ, ನಡುವೆ ಯಾವ ಸೆಂಟರೂ ಇಲ್ಲ. ಐಐಟಿಗಳಿಗೆ 1961ರ ಕಾಯ್ದೆಯಿಂದಲೇ ಪದವಿ ಕೊಡುವ ಅಧಿಕಾರ ಇದೆ. ಆಮೇಲೆ ಪರೀಕ್ಷೆ ಎಲ್ಲಿ ಅಂತ ನೋಡಿದೆ. ಪಾಠ ಮಾತ್ರ ಆನ್‌ಲೈನ್, ಕ್ವಿಜ್ ಮತ್ತು ಎಂಡ್-ಟರ್ಮ್‌ಗೆ ಕೇಂದ್ರಕ್ಕೇ ಹೋಗಿ ಕೂರಬೇಕು. ಅದನ್ನು ಓದಿದ ಮೇಲೆಯೇ ನನಗೆ ಸಮಾಧಾನವಾಯಿತು.

2020ರಲ್ಲಿ ಶುರುವಾದ ಕೋರ್ಸ್ ಇದು. ಜೆಇಇ ಬೇಕಿಲ್ಲ, ವಯಸ್ಸಿನ ಮಿತಿ ಇಲ್ಲ, ಪಿಯುಸಿ ಸಾಕು. ಆದರೆ ಬಾಗಿಲು ಪೂರ್ತಿ ತೆರೆದಿದೆ ಅಂದುಕೊಳ್ಳಬೇಡಿ. ಮೊದಲು ನಾಲ್ಕು ವಾರ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಷನಲ್ ಥಿಂಕಿಂಗ್, ಇಂಗ್ಲಿಷ್ ಪಾಠ ಕೊಟ್ಟು ಅದರ ಮೇಲೆ ಕ್ವಾಲಿಫೈಯರ್ ಪರೀಕ್ಷೆ ಮಾಡುತ್ತಾರೆ. ಪಾಸಾದವರಿಗೆ ಮಾತ್ರ ಪ್ರವೇಶ. ಪ್ರತಿ ವಿಷಯಕ್ಕೂ ಇಷ್ಟು ಅಂತ ತೂಕ ಇದೆ, ಅದೇ ಕ್ರೆಡಿಟ್. ಮೊದಲ ಹಂತ ಫೌಂಡೇಷನ್ 32 ಕ್ರೆಡಿಟ್, ಅದರ ಮೇಲೆ ಎರಡು ಡಿಪ್ಲೊಮಾಕ್ಕೆ 54, ಬಿ.ಎಸ್‌ಸಿ. ಆಗುವಷ್ಟರಲ್ಲಿ ಒಟ್ಟು 114, ಬಿ.ಎಸ್.ಗೆ ಒಟ್ಟು 142. ಯಾವ ಮಟ್ಟದಲ್ಲಿ ಬಿಟ್ಟರೂ ಅಲ್ಲಿವರೆಗಿನದ್ದು ಕೈಯಲ್ಲಿ ಉಳಿಯುತ್ತದೆ. ನಾನು ಸೇರಿದಾಗ ಫೌಂಡೇಷನ್ ಫೀಸು 32,000 ಇತ್ತು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಕೊಟ್ಟಿದ್ದಕ್ಕೆ ನನಗೆ ಅರ್ಧ ಮಾಫಿ ಆಯಿತು. ಆ ಎರಡು ಕಾಗದಕ್ಕೆ ನಾಡಕಚೇರಿಗೆ ಎಷ್ಟು ಸಲ ಅಲೆದೆ ಅನ್ನುವುದು ಬೇರೆ ಕತೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು, ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಇಂಗ್ಲಿಷ್ ಪಾಠದ ವೇಗ ಇಳಿಸಿ, ಕೆಳಗಿನ ಅಕ್ಷರ ಓದುತ್ತಾ ಕೇಳುತ್ತಿದ್ದೆ. ಕಂಪ್ಯುಟೇಷನಲ್ ಥಿಂಕಿಂಗ್ ಪಾಠ ಮಾತ್ರ ಇಂಗ್ಲಿಷಿಲ್ಲದೆಯೇ ತಲೆಗೆ ಹೋಯಿತು. ಮಾಧವನ್ ಮುಕುಂದ್ ಮತ್ತು ಜಿ. ವೆಂಕಟೇಶ್ ಅದರಲ್ಲಿ ಕಂಪ್ಯೂಟರನ್ನು ಬದಿಗಿಟ್ಟು ಕಾರ್ಡುಗಳಲ್ಲಿ ಕಲಿಸುತ್ತಾರೆ. ಅಂಗಡಿ ಬಿಲ್ಲುಗಳು ಒಂದೊಂದು ಕಾರ್ಡು. ಒಂದು ಗುಡ್ಡೆಯಿಂದ ಕಾರ್ಡು ಎತ್ತು, ನೋಡು, ಲೆಕ್ಕ ಬರೆ, ಇನ್ನೊಂದು ಗುಡ್ಡೆಗೆ ಹಾಕು. ಅಷ್ಟೇ. ಅಯ್ಯೋ, ಇದು ನಾನು ದಿನಾ ಮಾಡೋ ಕೆಲಸವಲ್ಲವೇ ಅನ್ನಿಸಿತು.

ಗುಡ್ಡೆಯೊಳಗೆ ಗುಡ್ಡೆ ಬಂದಾಗ, ಅಂದರೆ ಪ್ರತಿ ಕಾರ್ಡನ್ನೂ ಉಳಿದ ಎಲ್ಲದರ ಜೊತೆ ಹೋಲಿಸಬೇಕಾದಾಗ, ಸಿಕ್ಕಿಬಿದ್ದೆ. ಒಂದು ಸಂಜೆ ವೇಬ್ರಿಜ್ಜಿನ ಮೂವತ್ತು ತೂಕದ ಚೀಟಿ ಮೇಜಿನ ಮೇಲೆ ಹರಡಿದೆ. ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ನಿವ್ವಳ, ತೇವಾಂಶ. ಒಂದೇ ಲಾರಿ ಎರಡು ಸಲ ಬಂದಿದ್ದನ್ನು ಹುಡುಕಬೇಕು. ಒಂದು ಚೀಟಿ ಎಡಗೈಲಿ ಹಿಡಿದು ಉಳಿದಿದ್ದನ್ನೆಲ್ಲ ಒಂದೊಂದೇ ತಿರುವಿದೆ, ಆಮೇಲೆ ಮುಂದಿನದು. ಹೋಲಿಕೆ ನಾನೂರು ದಾಟಿತು. ಬಾಗಿಲಲ್ಲಿ ನಿಂತ ಹಮಾಲರು, 'ಏನ್ ಸಾಹುಕಾರ್ರ, ಒಬ್ಬರ ಅಂದರ್-ಬಾಹರ್ ಆಡಾಕ ಹತ್ತೀರಿ?' ಅಂದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಲೂಪ್ ಅನ್ನುತ್ತಾರೆ; ಲೂಪ್ ಒಳಗೆ ಲೂಪ್ ಯಾಕೆ ನಿಧಾನ ಅನ್ನುವುದು ನನ್ನ ಬೆರಳುಗಳಿಗೆ ಆವತ್ತೇ ಗೊತ್ತಾಯಿತು.

ಪರೀಕ್ಷೆಗೆ ನಾನು ಆರಿಸಿಕೊಂಡಿದ್ದು ಹುಬ್ಬಳ್ಳಿ. ಭಾನುವಾರ ನಸುಕಿನ ಬಸ್ಸು, ಕೊಪ್ಪಳ, ಗದಗ, ಅಣ್ಣಿಗೇರಿ. ಕೇಂದ್ರದ ಬಾಗಿಲಲ್ಲಿ ಗುರುತಿನ ಚೀಟಿ ನೋಡಿ, ಜೇಬು ತಡವಿ ಒಳಗೆ ಬಿಟ್ಟರು. ಪಕ್ಕದ ಕಂಪ್ಯೂಟರಿನಲ್ಲಿ ಹದಿನೆಂಟರ ಹುಡುಗಿ, ನನಗಾಗಲೇ ಮೂವತ್ತಾರು. ಚಹಾ ಯಾರೂ ತರಲಿಲ್ಲ, ನನಗೆ ಖುಷಿಯಾಯಿತು.

ಯಾರೂ ಹೇಳದ ಒಂದು ತೊಂದರೆ ಸುಗ್ಗಿಯದು. ವರ್ಷಕ್ಕೆ ಮೂರು ಟರ್ಮ್: ಜನವರಿ, ಮೇ, ಸೆಪ್ಟೆಂಬರ್. ಸೆಪ್ಟೆಂಬರ್ ಟರ್ಮಿನ ಕೊನೆಯ ಪರೀಕ್ಷೆ ಬರುವ ಹೊತ್ತಿಗೆ ಮಿಲ್ಲಿನ ಮುಂದೆ ಮುಂಗಾರು ಭತ್ತದ ಲಾರಿ ಸಾಲು. ಜನವರಿಯದು ಮುಗಿಯುವಾಗ ಎರಡನೇ ಬೆಳೆ. ಮೇ ಟರ್ಮ್ ಮಾತ್ರ ಕೊಂಚ ಬಿಡುವು. ಅದಕ್ಕೇ ಮೇನಲ್ಲಿ ಎರಡು ವಿಷಯ, ಉಳಿದ ಟರ್ಮುಗಳಲ್ಲಿ ಸಾಮಾನ್ಯವಾಗಿ ಒಂದೇ. ವಾರವಾರದ ಅಸೈನ್‌ಮೆಂಟ್ ಸರಾಸರಿ 40 ಬರದಿದ್ದರೆ ಎಂಡ್-ಟರ್ಮ್‌ಗೆ ಕೂರಿಸುವುದೇ ಇಲ್ಲ, ಹುಮ್ಮಸ್ಸಿನಲ್ಲಿ ನಾಲ್ಕು ತಗೊಂಡರೆ ಅಲ್ಲೇ ಮುಗ್ಗರಿಸುತ್ತೀರಿ.

2024ರ ಮೇ ಟರ್ಮಿನಲ್ಲಿ ಗಣಿತ-2 ತಗೊಂಡಿದ್ದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತು. ಊರಿಗೂರೇ ನಿದ್ದೆಗೆಟ್ಟಿತ್ತು. ನೀರು ಹೋದರೆ ಭತ್ತ ಎಲ್ಲಿಂದ, ಮಿಲ್ಲು ಎಲ್ಲಿಂದ? ಫೇಲಾದೆ. ಗೇಟಿನ ಮೇಲೆ ಹಾಕಬಹುದು, ಮನೆಯಲ್ಲಿ ಹಾಗೇ ಹೇಳಿದ್ದೇನೆ ಕೂಡ. ಆದರೆ ಆ ಪಾಠದಲ್ಲಿ ಬರುವ ಗ್ರೇಡಿಯಂಟ್ ಅಂದರೇನು ಅಂತ ಗೇಟು ಮುರಿಯುವ ಮೊದಲೂ ನನಗೆ ತಿಳಿದಿರಲಿಲ್ಲ. ಮತ್ತೆ ಫೀಸು ಕಟ್ಟಿ ಸೆಪ್ಟೆಂಬರಿನಲ್ಲಿ ಪಾಸಾದೆ.

ಈಗ ಫೌಂಡೇಷನ್ ಮುಗಿದು ಡಿಪ್ಲೊಮಾದ ಮೂರು ವಿಷಯ ಆಗಿವೆ. 44 ಕ್ರೆಡಿಟ್. ಕೇಳಿದವರಿಗೆ ಬಿ.ಟೆಕ್ ಅಲ್ಲ, ಕ್ಯಾಂಪಸ್ಸಿನಲ್ಲಿ ಓದಿದ್ದೂ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟರೆ ಟ್ರಂಕಿನಲ್ಲಿರುವ ಬಿ.ಕಾಂ.ಗೂ ಇದಕ್ಕೂ ಏನು ವ್ಯತ್ಯಾಸ?

ತೂಕದ ಚೀಟಿಗಳ ಮೊತ್ತ ತೆಗೆಯಲು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಮಾಲೀಕರು ಅದನ್ನು ನೋಡಿ ತಲೆಯಾಡಿಸುತ್ತಾರೆ, ಆದರೆ ಕೆಂಪು ಖಾತೆ ಪುಸ್ತಕದಲ್ಲಿ ಕೈಯಾರೆ ಕೂಡದೆ ಸಹಿ ಹಾಕುವುದಿಲ್ಲ. ಹೋದ ತಿಂಗಳು ಎರಡಕ್ಕೂ ಒಂದು ಲಾರಿಯಷ್ಟು ಫರಕು ಬಂತು. ನನ್ನ ಲೂಪು ಕೊನೆಯ ಚೀಟಿಯನ್ನು ಬಿಟ್ಟಿತ್ತು.