ಜಪಾನಿನವರ ಜೊತೆ ಮಾತುಕತೆಗೆ ಕೂರುವುದು ಹೇಗೆ? ‘ಆಗುತ್ತೆ ಸಾರ್’ ಅನ್ನುವ ಮುಂಚೆ ಓದಿ

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1997ರಲ್ಲಿ. ಆಮೇಲೆ ತುಮಕೂರಿನ ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಜಾಗ ಗುರುತಾಯಿತು. ಹಾಗಾಗಿ ನಮ್ಮ ಕಡೆಯ ಬಿಡಿಭಾಗ ತಯಾರಕರಿಗೆ ಜಪಾನಿನವರು ಹೊಸಬರೇನಲ್ಲ. ಆದರೂ ಒಳ್ಳೆಯ ಮಷಿನ್, ಪಳಗಿದ ಕೈಗಳು ಇರುವ ಸಣ್ಣ ಯೂನಿಟ್‌ಗಳು ಮೊದಲ ಮಾತುಕತೆಯಲ್ಲೇ ಎಡವುತ್ತವೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬಹಳ ಸಲ ಎಡವುವುದು ರೇಟಿನಲ್ಲಲ್ಲ, ಮಾತಿನಲ್ಲಿ.

ಮೊದಲನೆಯದು: ಮೀಟಿಂಗ್‌ಗೆ ಮುಂಚೆಯೇ ಕೆಲಸ ಶುರು ಮಾಡಿ

‘ದೊಡ್ಡ ಸಾಹೇಬರನ್ನು ಹಿಡಿದರೆ ಆರ್ಡರ್ ಸಿಕ್ಕಂತೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಪಾನಿನಲ್ಲಿ ‘ನೆಮವಾಶಿ’ ಅಂತ ಒಂದು ಮಾತಿದೆ. ಮರವನ್ನು ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಅಗೆದು ಹದ ಮಾಡುವುದು ಅಂತ ಅದರ ಮೂಲ ಅರ್ಥ. ಕಚೇರಿಯಲ್ಲಿ ಅದು, ಸಂಬಂಧಪಟ್ಟ ಒಬ್ಬೊಬ್ಬರ ಜೊತೆಗೂ ಮೊದಲೇ ಮಾತಾಡಿ ಒಪ್ಪಿಗೆ ಕೂಡಿಸುವುದು. ಆಮೇಲೆ ‘ರಿಂಗಿ’ ಅನ್ನುವ ಪ್ರಸ್ತಾವದ ಕಾಗದ ಕೆಳಗಿನಿಂದ ಮೇಲಕ್ಕೆ, ಒಬ್ಬೊಬ್ಬರ ಮುದ್ರೆ ಬೀಳುತ್ತಾ ಹೋಗುತ್ತದೆ. ಎಷ್ಟೋ ಸಲ ಮೀಟಿಂಗ್ ಹೊತ್ತಿಗೆ ಅರ್ಧ ತೀರ್ಮಾನ ಆಗಿಯೇ ಇರುತ್ತದೆ.

ಹಾಗಾಗಿ ಡ್ರಾಯಿಂಗ್ ಬಗ್ಗೆ ನಿಮಗಿರುವ ಅನುಮಾನಗಳನ್ನು ಅವರ ಕಿರಿಯ ಎಂಜಿನಿಯರ್‌ಗೆ ವಾರ ಮೊದಲೇ ಬರೆಯಿರಿ. ಯಾವ ಅಳತೆ ಕಷ್ಟ, ಯಾಕೆ ಕಷ್ಟ ಅಂತ ಬಿಡಿಸಿ ಹೇಳಿ. ನಿಮ್ಮ ಪರವಾಗಿ ಒಳಗೆ ಮಾತಾಡುವುದು ಅವರೇ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಬೇಜಾರು ಮಾಡಿಕೊಂಡು ದಿನಾ ಫೋನ್ ಮಾಡಬೇಡಿ. ಒಪ್ಪಿಗೆ ಬಿದ್ದ ಮೇಲೆ ಕೆಲಸ ಓಡುತ್ತದೆ.

ಎರಡನೆಯದು: ಕಾರ್ಡ್

ವಿಸಿಟಿಂಗ್ ಕಾರ್ಡನ್ನು ನಿಂತುಕೊಂಡು ಎರಡೂ ಕೈಯಲ್ಲಿ ಕೊಡಿ, ಎರಡೂ ಕೈಯಲ್ಲಿ ತಗೊಳ್ಳಿ, ಓದಿ, ಮೇಜಿನ ಮೇಲೆ ಮುಂದೆ ಇಟ್ಟುಕೊಳ್ಳಿ. ಅದರ ಮೇಲೆ ಬರೆಯಬೇಡಿ. ಇಷ್ಟು ಸಾಕು. ಬಾಗಿ ನಮಸ್ಕರಿಸುವುದನ್ನು ಅಭ್ಯಾಸ ಮಾಡುವ ಅಗತ್ಯವಿಲ್ಲ.

ಮೂರನೆಯದು: ‘ಹಾಯ್’ ಅಂದರೆ ಒಪ್ಪಿಗೆ ಅಂದುಕೊಳ್ಳಬೇಡಿ

ಜಪಾನಿ ಭಾಷೆಯಲ್ಲಿ ‘ಹಾಯ್’ ಅಂದರೆ ‘ಹೌದು’. ಆದರೆ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಡುತ್ತಿದ್ದೆವು, ಅಲ್ವಾ? ಕೇಳುತ್ತಿದ್ದೇನೆ, ಮುಂದೆ ಹೇಳು ಅಂತ ಅಷ್ಟೇ ಅದರ ಅರ್ಥ. ಮಾತಿನ ನಡುವೆ ಅವರು ಅನ್ನುವ ‘ಹಾಯ್’ ಬಹುಪಾಲು ಅದೇ. ಇನ್ನು ‘ಪರಿಶೀಲಿಸುತ್ತೇವೆ’, ‘ಸ್ವಲ್ಪ ಕಷ್ಟ’ ಅಂದರೆ ಅದು ಬಹಳ ಸಲ ‘ಇಲ್ಲ’ವೇ. ನಮಗಿದು ಅರ್ಥವಾಗಬೇಕು. ಸಾಲ ಕೇಳಿದ ನೆಂಟರಿಗೆ ನಾವು ‘ನೋಡೋಣ’ ಅನ್ನುವುದಿಲ್ಲವೇ?

ಅವರು ಸುಮ್ಮನಾದರೆ ನೀವೂ ಸುಮ್ನೆ ಇರಿ. ಯೋಚಿಸುತ್ತಿರುತ್ತಾರೆ. ಆ ಅರ್ಧ ನಿಮಿಷದ ಮೌನ ತಡೆಯಲಾರದೆ ಯಾರೂ ಕೇಳದಿದ್ದರೂ ರೇಟ್ ಇಳಿಸಿದವರನ್ನು ನಾನು ನೋಡಿದ್ದೇನೆ.

ನಾಲ್ಕನೆಯದು: ತಾರೀಖು ಹೇಳುವ ಮುಂಚೆ ಹಿಂದೆ ತಿರುಗಿ ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದು. ಪೀಣ್ಯದ ಒಂದು ಯೂನಿಟ್‌ನಲ್ಲಿ ನನ್ನ ಕಣ್ಣೆದುರೇ ನಡೆದದ್ದು. ‘15ನೇ ತಾರೀಖು ಸ್ಯಾಂಪಲ್ ಕೊಡಬಹುದಾ?’ ಅಂತ ಜಪಾನಿ ಕಂಪನಿಯಿಂದ ಬಂದವರು ಕೇಳಿದರು. ಮಾಲೀಕರು ತಕ್ಷಣ ‘ಆಗುತ್ತೆ ಸಾರ್’ ಅಂದರು. ಹಿಂದೆ ನಿಂತಿದ್ದ ಸೂಪರ್‌ವೈಸರ್ ನೆಲ ನೋಡಿದ. ಪ್ಲೇಟಿಂಗ್, ಅಂದರೆ ಲೋಹದ ಲೇಪ, ಹೊರಗೆ ಬೇರೆ ಯೂನಿಟ್‌ಗೆ ಜಾಬ್ ವರ್ಕ್‌ ಅಂತ ಹೋಗಬೇಕು, 18ರ ಒಳಗೆ ಬರಲ್ಲ ಅಂತ ಅವನಿಗೆ ಗೊತ್ತಿತ್ತು. ಬಂದವರು ನೋಟ್‌ಬುಕ್ಕಿನಲ್ಲಿ ‘15’ ಅಂತ ಬರೆದುಕೊಂಡರು.

ಸ್ಯಾಂಪಲ್ ಹೋದದ್ದು 18ಕ್ಕೆ. ಅಳತೆ ಒಂದೂ ತಪ್ಪಿರಲಿಲ್ಲ. ಆದರೆ ಮೂರು ದಿನ ತಡ ಯಾಕೆ ಅಂತ ಮೇಲ್ ಬಂತು. ಮಾಲೀಕರು ‘ಸಾರಿ, ಇನ್ನು ಮುಂದೆ ಹೀಗಾಗಲ್ಲ’ ಅಂತ ಬರೆದರು. ಮತ್ತೆ ಅದೇ ಪ್ರಶ್ನೆ ಬಂತು. ಮಾಲೀಕರಿಗೆ ಬೈದಂತೆ ಅನ್ನಿಸಿತು.

ಅದು ಬೈಗುಳವಲ್ಲ. ಒಂದು ತೊಂದರೆಗೆ ಐದು ಸಲ ‘ಯಾಕೆ’ ಕೇಳಿ ಬುಡ ಹುಡುಕುವುದು ಟೊಯೋಟಾ ಸಮೂಹದ ಸ್ಥಾಪಕ ಸಾಕಿಚಿ ಟೊಯೋಡಾ ಕಾಲದಿಂದ ಬಂದ ಪದ್ಧತಿ. ಅವರಿಗೆ ಬೇಕಿರುವುದು ಕಾರಣ. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ನೌಕರರ ಸಮೀಕ್ಷೆಯಿಂದ ಮಾಡಿದ ಪಟ್ಟಿಯಲ್ಲಿ, ಅನಿಶ್ಚಿತತೆಯನ್ನು ಎಷ್ಟು ದೂರವಿಡುತ್ತಾರೆ ಅನ್ನುವ ಅಳತೆಯಲ್ಲಿ ಜಪಾನಿಗೆ 92 ಅಂಕ, ಭಾರತಕ್ಕೆ 40. ಇದು ದೇಶದ ಸರಾಸರಿ, ನಿಮ್ಮೆದುರು ಕೂತವರ ಜಾತಕವಲ್ಲ. ಆದರೂ ‘ಅಡ್ಜಸ್ಟ್ ಮಾಡೋಣ’ ಅನ್ನುವ ಮಾತು ನಮಗೆ ಧೈರ್ಯ ಕೊಟ್ಟರೆ, ಅವರಿಗೆ ಯಾಕೆ ಭಯ ಹುಟ್ಟಿಸುತ್ತದೆ ಅನ್ನುವುದಕ್ಕೆ ಒಂದು ಸುಳಿವು.

ನಮ್ಮ ‘ಆಗುತ್ತೆ’ ಸುಳ್ಳಲ್ಲ. ಎದುರಿನವರ ಮನಸ್ಸು ಮುರಿಯಬಾರದು ಅನ್ನುವ ಮರ್ಯಾದೆ ಅದು. ಅವರು ಮಾತ್ರ ಅದನ್ನು ತಾರೀಖು ಅಂತ ಬರೆದುಕೊಳ್ಳುತ್ತಾರೆ. ಅದಕ್ಕೇ ಸೂಪರ್‌ವೈಸರ್‌ನನ್ನೂ ಮೇಜಿಗೆ ಕೂರಿಸಿ, ಎಲ್ಲರ ಮುಂದೆ ಕೇಳಿ. ಆಮೇಲೆ ಹೀಗೆ ಹೇಳಿ: ‘ಟರ್ನಿಂಗ್‌ಗೆ (ಲೇತ್ ಕೆಲಸಕ್ಕೆ) ನಾಲ್ಕು ದಿನ, ಪ್ಲೇಟಿಂಗ್‌ಗೆ ಆರು, ತಪಾಸಣೆಗೆ ಎರಡು. 20ಕ್ಕೆ ಕೊಡುತ್ತೇವೆ.’ 20ಕ್ಕೇ ಕೊಡಿ.

ಐದನೆಯದು: ರೇಟ್

ಎರಡರಷ್ಟು ಹೇಳಿ ಅರ್ಧಕ್ಕೆ ಇಳಿಯಬೇಡಿ. ಸುಲಭವಾಗಿ ಇಳಿದರೆ ಮೊದಲು ಹೇಳಿದ ರೇಟಿನ ಮೇಲೆ ನಂಬಿಕೆ ಹೋಗುತ್ತದೆ. ಕಚ್ಚಾಮಾಲು, ಮಷಿನ್ ಟೈಮ್, ಜಾಬ್ ವರ್ಕ್, ರಿಜೆಕ್ಷನ್ ಅಂತ ಬಿಡಿಸಿಟ್ಟ ಕೊಟೇಶನ್ ಕೊಡಿ. ವರ್ಷವರ್ಷ ರೇಟ್ ಇಳಿಸಿ ಅಂತ ಕೇಳುವುದು ವಾಹನ ಉದ್ಯಮದಲ್ಲಿ ಇದ್ದದ್ದೇ. ಎಲ್ಲಿ ಉಳಿಸಬಹುದು ಅಂತ ಮೊದಲೇ ಲೆಕ್ಕ ಹಾಕಿಟ್ಟಿರಿ.

ಕೊನೆಯದು: ಮೀಟಿಂಗ್‌ನಲ್ಲಿ ಒಪ್ಪಿದ್ದನ್ನು ಅದೇ ಸಂಜೆ ಬರೆದು ಕಳಿಸಿ

ಯಾರು, ಏನು, ಯಾವಾಗ ಅಂತ ಮೂರೇ ಕಾಲಂ. ಆ ಕಾಗದವನ್ನು ಶಾಪ್ ಫ್ಲೋರ್‌ನಲ್ಲೂ ಅಂಟಿಸಿ. ಪ್ಲೇಟಿಂಗ್ ತಡವಾಗುತ್ತದೆ ಅಂತ 12ನೇ ತಾರೀಖು ಗೊತ್ತಾದರೆ 12ಕ್ಕೇ ತಿಳಿಸಿ, ಕಾರಣದ ಜೊತೆಗೆ, ಹೊಸ ತಾರೀಖಿನ ಜೊತೆಗೆ.